ಮುಂಗಡ ಕೊಡುವ ಮುನ್ನ ಬ್ಯಾಂಕಿನ ಮೆಟ್ಟಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇಂದು ಮನೆ ಕಟ್ಟುವ ಮಾತು ಹಾಗಿರಲಿ, ಸೈಟು ನೋಡಲು ಹೋದ ದಿನವೇ ಬಡವನ ಗಂಟು ಬಿಚ್ಚಿಹೋಗುತ್ತದೆ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಬಂದವು, ಅವುಗಳ ಬೆನ್ನಿಗೇ ದಲ್ಲಾಳಿಗಳೂ ಬಂದರು. ಹೊಲದಲ್ಲಿ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿ, "ಇವತ್ತು ಮುಂಗಡ ಕೊಟ್ಟರೆ ಈ ದರ, ನಾಳೆ ಬೇರೆ ದರ" ಎನ್ನುವುದು ಅವರ ಮಂತ್ರ. "ಉಳಿದ ಹಣಕ್ಕೆ ಚಿಂತೆ ಬೇಡ, ಸಾಲ ನಾವೇ ಮಾಡಿಸಿಕೊಡುತ್ತೇವೆ" ಎನ್ನುವುದು ಅದರ ಪಲ್ಲವಿ.

ಈ ಪಲ್ಲವಿಯನ್ನು ನಂಬಿ ಹೆಂಡತಿಯ ಬಂಗಾರ ಒತ್ತೆಯಿಟ್ಟು ಮುಂಗಡ ಕೊಟ್ಟವನಿಗೆ ಎರಡು ತಿಂಗಳ ನಂತರ ಬ್ಯಾಂಕು "ನಿಮ್ಮ ಆದಾಯಕ್ಕೆ ಇಷ್ಟು ಸಾಲ ಸಿಗದು" ಎಂದರೆ ಗತಿಯೇನು? ಕರಾರಿನ ಅವಧಿ ಮುಗಿಯುತ್ತದೆ. ಮುಂಗಡ ಮುಳುಗಬೇಕು, ಇಲ್ಲವೇ ಮೀಟರ್ ಬಡ್ಡಿಯವನ ಬಾಗಿಲು ತಟ್ಟಬೇಕು. ಆದ್ದರಿಂದ ಈ ವಾರ ನಾವು ಹೇಳಬೇಕಾದ ಮಾತು ಒಂದೇ: ಮೊದಲು ಬ್ಯಾಂಕಿಗೆ ಹೋಗಿ, ನಿಮಗೆ ಎಷ್ಟು ಸಾಲ ದೊರೆಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಆಮೇಲೆ ಮನೆ ನೋಡಿ. ಇದಕ್ಕೆ ಬ್ಯಾಂಕಿನವರು ತಾತ್ವಿಕ ಮಂಜೂರಾತಿ ಎನ್ನುತ್ತಾರೆ. ಶ್ರೀಮಂತರು ಇದನ್ನು ಮಾಡಿಯೇ ಹೊರಡುತ್ತಾರೆ. ದುಡಿಯುವವರಿಗೆ ಹೇಳುವವರಿಲ್ಲ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 25,000 ರೂಪಾಯಿ ಸಂಬಳದ ಒಬ್ಬ ಕಾರ್ಮಿಕನಿದ್ದಾನೆ ಎನ್ನಿ. ನೋಡಿದ ಮನೆಯ ಬೆಲೆ 20 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇಕಡಾ 90ರವರೆಗೆ ಕೊಡಬಹುದು. "ನೋಡಿ, 18 ಲಕ್ಷ ಬ್ಯಾಂಕೇ ಕೊಡುತ್ತದೆ" ಎಂದು ದಲ್ಲಾಳಿ ಹೇಳುವುದು ಇದನ್ನೇ. ಅವನು ಹೇಳದ ಮಾತು ಬೇರೆಯಿದೆ. ಬ್ಯಾಂಕು ಮನೆಯ ಬೆಲೆಯ ಜೊತೆಗೆ ನಿಮ್ಮ ಜೇಬನ್ನೂ ಅಳೆಯುತ್ತದೆ. ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧವನ್ನು ಮೀರಬಾರದು ಎಂದು ಅದು ಲೆಕ್ಕ ಹಿಡಿದರೆ ಈತನಿಗೆ ಇರುವುದು 12,500 ರೂಪಾಯಿ. ಅದರಲ್ಲಿ ಮೋಟಾರ್ ಸೈಕಲ್ಲಿನ ಕಂತು 4,000 ಹೋಗುತ್ತದೆ. ಉಳಿದದ್ದು 8,500. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ಲಕ್ಷಕ್ಕೆ ಸುಮಾರು 900 ರೂಪಾಯಿ ಕಂತು ಬೀಳುತ್ತದೆ. ಅಂದರೆ ಈತನಿಗೆ ದೊರೆಯುವ ಸಾಲ ಹೆಚ್ಚು ಕಡಿಮೆ 9 ಲಕ್ಷ 40 ಸಾವಿರ, 18 ಲಕ್ಷವಲ್ಲ!

ಇನ್ನು ನೋಂದಣಿಯ ಖರ್ಚು. 2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಲಾಗಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ 20 ಲಕ್ಷಕ್ಕೆ ಒಂದೂವರೆ ಲಕ್ಷದಷ್ಟಾಗುತ್ತದೆ. 10 ಲಕ್ಷಕ್ಕಿಂತ ಹೆಚ್ಚು ಬೆಲೆಯ ಮನೆಗೆ ಸಾಲದ ಮಿತಿ ಕಟ್ಟುವಾಗ ಬ್ಯಾಂಕು ಈ ಖರ್ಚನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಅಲ್ಲಿಗೆ ಈ ಕಾರ್ಮಿಕ ಕೈಯಿಂದ ಹಾಕಬೇಕಾದದ್ದು 12 ಲಕ್ಷ. ಎಲ್ಲಿಂದ ತಂದಾನು?

ಆದರೆ ಇದೇ ಲೆಕ್ಕ ಮುಂಗಡ ಕೊಡುವ ಮೊದಲೇ ಗೊತ್ತಾದರೆ ಅದು ಶಾಪವಲ್ಲ, ವರ. ಮೋಟಾರ್ ಸೈಕಲ್ಲಿನ ಸಾಲವನ್ನು ಮೊದಲು ತೀರಿಸಿದರೆ ಅದೇ ಸಂಬಳಕ್ಕೆ 13 ಲಕ್ಷ 90 ಸಾವಿರದವರೆಗೆ ಸಾಲ ಏರುತ್ತದೆ. 4,000 ರೂಪಾಯಿಯ ಚಿಕ್ಕ ಕಂತು ನಾಲ್ಕೂವರೆ ಲಕ್ಷದಷ್ಟು ಮನೆಸಾಲವನ್ನು ನುಂಗಿ ಕುಳಿತಿರುತ್ತದೆ. ಗೆಳೆಯನಿಗೆ ಹಾಕಿದ ಜಾಮೀನು, ಮರೆತುಹೋದ ಹಳೆಯ ಬಾಕಿ, ಸಂಘದ ಸಾಲ, ಇವೆಲ್ಲ ಸಿಬಿಲ್‌ನಂಥ ಸಂಸ್ಥೆಗಳ ವರದಿಯಲ್ಲಿ ಬರೆದಿರುತ್ತವೆ. ವರ್ಷಕ್ಕೊಮ್ಮೆ ಆ ವರದಿಯನ್ನು ಬಿಟ್ಟಿಯಾಗಿ ಪಡೆಯುವ ಹಕ್ಕು ನಿಮಗಿದೆ. ತಪ್ಪಿದ್ದರೆ ತಿದ್ದಿಸಿ, ಬಾಕಿಯಿದ್ದರೆ ತೀರಿಸಿ. ಬ್ಯಾಂಕು ಅದನ್ನು ನೋಡುವ ಮೊದಲು ನೀವು ನೋಡಿ.

ಬ್ಯಾಂಕು ಕೊಡುತ್ತದೆ ಎಂದ ಮಾತ್ರಕ್ಕೆ ಪೂರ್ತಿ ತೆಗೆದುಕೊಳ್ಳಬೇಕೆಂದಿಲ್ಲ. ತಿಂಗಳಿಗೆ 8,500ರಂತೆ 20 ವರ್ಷ ಕಟ್ಟಿದರೆ 9 ಲಕ್ಷ 40 ಸಾವಿರದ ಸಾಲಕ್ಕೆ 20 ಲಕ್ಷ 40 ಸಾವಿರ ತೆತ್ತಂತಾಯಿತು. ಬಡ್ಡಿಯೂ ಒಂದೇ ಸಮನೆ ನಿಲ್ಲುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು; ಅದರ ಬಿಸಿ ಮನೆಸಾಲದವರಿಗೆ ತಟ್ಟಿತು. ನಮ್ಮ ಭಾಗದ ಆದಾಯವೂ ನಿಂತ ನೀರಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲದ ಲಾರಿಗಳು ಸಂಡೂರಿನ ರಸ್ತೆ ಬದಿಯಲ್ಲಿ ನಿಂತವು, ಕಂತುಗಳು ನಿಲ್ಲಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಂಪ್ಲಿಯ ಭತ್ತದ ರೈತನ ಎದೆ ನಡುಗಿದ್ದು ಬೆಳೆಗಾಗಿ ಮಾತ್ರವಲ್ಲ, ಬೆಳೆಯ ಮೇಲೆ ನಿಂತ ಸಾಲಕ್ಕಾಗಿಯೂ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎಷ್ಟು ಹಾಸಿಗೆ ಎಂದು ಬ್ಯಾಂಕು ಹೇಳಬಹುದು. ಎಷ್ಟು ಕಾಲು ಚಾಚಬೇಕೆಂದು ನಿರ್ಧರಿಸಬೇಕಾದವರು ನೀವು.

ಇನ್ನೊಂದು ಎಚ್ಚರ. ತಾತ್ವಿಕ ಮಂಜೂರಾತಿ ನಿಮ್ಮ ಯೋಗ್ಯತೆಗೆ ಕೊಟ್ಟ ಚೀಟಿಯೇ ಹೊರತು ಸೈಟಿಗೆ ಕೊಟ್ಟ ಚೀಟಿಯಲ್ಲ. ಅದಕ್ಕೆ ಅವಧಿಯೂ ಉಂಟು. ಬಡ್ಡಿ ಬದಲಾಗಬಹುದು, ಕೆಲಸ ಹೋದರೆ ಚೀಟಿಯೂ ಹೋಗುತ್ತದೆ. ಜಾಗ ಗೊತ್ತಾದ ಮೇಲೆ ಮೂಲಪತ್ರ, ಖಾತೆ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ ಇವನ್ನು ಬ್ಯಾಂಕಿನ ವಕೀಲರು ಬೇರೆಯಾಗಿ ಪರೀಕ್ಷಿಸುತ್ತಾರೆ. ಬರೀ ಪಹಣಿಯ ಹೊಲದಲ್ಲಿ ಸುಣ್ಣದ ಗೆರೆ ಎಳೆದ ಸೈಟಿಗೆ ಈ ಪರೀಕ್ಷೆಯಲ್ಲಿ ಗೆಲುವಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯವೇ ನಿಲ್ಲದು. 500 ಚದರ ಮೀಟರಿಗಿಂತ ದೊಡ್ಡ ಲೇಔಟು ರೇರಾದಲ್ಲಿ ನೋಂದಣಿಯಾಗಿರಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನು 2016ರ ರೇರಾ ಕಾಯಿದೆ ನಿಷೇಧಿಸಿದೆ. ಈ ಮಾತನ್ನು ದಲ್ಲಾಳಿಯ ಮುಂದೆ ಗಟ್ಟಿಯಾಗಿ ಹೇಳಿ ನೋಡಿ. ಅವನ ಅವಸರ ಅರ್ಧ ಇಳಿಯುತ್ತದೆ. "ಬ್ಯಾಂಕು ಸಾಲ ಕೊಡದಿದ್ದರೆ ಮುಂಗಡ ವಾಪಸು" ಎಂಬ ಮಾತನ್ನು ಕರಾರಿನಲ್ಲಿಯೇ ಬರೆಸಿ. ಬರೆಯಲು ಒಪ್ಪದವನ ಸೈಟು ನಿಮಗೆ ಬೇಡ.

ಹಂಪಿ, ಕಮಲಾಪುರ, ಕಡ್ಡಿರಾಂಪುರದ ಸುತ್ತ ಕೊಳ್ಳುವವರಿಗೆ ಇನ್ನೂ ಒಂದು ಬಾಗಿಲಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2002ರ ಕಾಯಿದೆಯಂತೆ ಅದಕ್ಕೊಂದು ನಿರ್ವಹಣಾ ಪ್ರಾಧಿಕಾರವಾಯಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವೇ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 2011ರಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನಲ್ಲಿ ಮನೆ ಅಂಗಡಿಗಳನ್ನು ಕೆಡವಿದ್ದನ್ನು ಕಂಡವರು ನಮ್ಮ ನಡುವೆಯೇ ಇದ್ದಾರೆ. ಎಷ್ಟು ವರ್ಷ ಬಾಳಿದರೂ ಕಾಗದವಿಲ್ಲದ ಸೂರು ಒಂದೇ ದಿನದಲ್ಲಿ ಹೋಗುತ್ತದೆ.

ಇಷ್ಟೆಲ್ಲ ಓದಿದ ಸಂಡೂರಿನ ಗಣಿ ಕೂಲಿಯೊಬ್ಬ ನಮ್ಮನ್ನು ಕೇಳಬಹುದು: "ಸ್ವಾಮಿ, ಬ್ಯಾಂಕಿನವರು ಸಂಬಳದ ಚೀಟಿ ತನ್ನಿ ಎನ್ನುತ್ತಾರೆ. ಗುತ್ತಿಗೆದಾರ ಕೈಗೆ ಹಣ ಎಣಿಸಿ ಕೊಡುತ್ತಾನೆ, ಚೀಟಿ ಎಲ್ಲಿಂದ ತರಲಿ?" ಸಮಸ್ಯೆಯ ಬೇರು ಇಲ್ಲಿದೆ. ಹತ್ತು ವರ್ಷ ಬಾಡಿಗೆಯನ್ನು ತಪ್ಪದೆ ಕಟ್ಟಿದವನು ಬ್ಯಾಂಕಿನ ಕಣ್ಣಿಗೆ ಆದಾಯವಿಲ್ಲದವನು! 1951ರಲ್ಲಿ ಕಾಗೋಡಿನ ಗೇಣಿದಾರರು ಕೇಳಿದ್ದೇನು? ಅಳೆಯುವ ಕೊಳಗ ನ್ಯಾಯವಾಗಿರಲಿ, ಕೊಟ್ಟ ಗೇಣಿಗೆ ರಸೀದಿ ಸಿಗಲಿ ಎಂದು. ಅಂದು ರಸೀದಿ ಕೊಡದ ಒಡೆಯ, ಇಂದು ಕೂಲಿಯ ಚೀಟಿ ಕೊಡದ ಗುತ್ತಿಗೆದಾರ. ದುಡಿದದ್ದಕ್ಕೆ ದಾಖಲೆಯಿಲ್ಲದಂತೆ ಮಾಡುವುದೇ ಶೋಷಣೆಯ ಹಳೆಯ ಉಪಾಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಬಗ್ಗೆ ನಮ್ಮ ತಕರಾರುಗಳು ಬೇರೆ ಇವೆ. ಆದರೆ ಮಾಲೀಕನು ವೇತನದ ಚೀಟಿ ಕೊಡಲೇಬೇಕೆಂದು ಅದರಲ್ಲಿಯೂ ಬರೆದಿದೆ. ಆ ಅಕ್ಷರವನ್ನು ಹಿಡಿದು ಕೇಳೋಣ.

ಬ್ಯಾಂಕುಗಳಿಗೂ ಒಂದು ಮಾತು. 1969ರಲ್ಲಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದು, 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿದ್ದು ಯಾರಿಗಾಗಿ? 10 ಲಕ್ಷಕ್ಕಿಂತ ಕಡಿಮೆ ಜನರಿರುವ ನಮ್ಮಂಥ ಊರುಗಳಲ್ಲಿ 35 ಲಕ್ಷದವರೆಗಿನ ಗೃಹಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತಾ ವಲಯಕ್ಕೆ ಸೇರಿಸಿದೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ, ಎಲ್ಲಿಯೂ ಪಕ್ಕಾ ಮನೆಯಿಲ್ಲದ, ವರ್ಷಕ್ಕೆ 9 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ 1 ಲಕ್ಷ 80 ಸಾವಿರದವರೆಗೆ ಬಡ್ಡಿಯ ಸಹಾಯಧನವಿದೆ. ಇದನ್ನು ಕೌಂಟರಿನ ಹೊರಗೆ ಬಂದು ಹೇಳುವವರು ಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ತಿಂಗಳಿಗೊಂದು ದಿನ ಬ್ಯಾಂಕಿನ ಅಧಿಕಾರಿಗಳು ಸಂಡೂರು, ಕಂಪ್ಲಿ, ಕಮಲಾಪುರಗಳಲ್ಲಿ ಕುಳಿತು, ಬಂದವರಿಗೆಲ್ಲ ಸಾಲದ ಅರ್ಹತೆಯನ್ನು ಕನ್ನಡದಲ್ಲಿ ಬರೆದುಕೊಡಲಿ; ಇಲ್ಲವೆನ್ನುವುದಾದರೆ ಕಾರಣವನ್ನೂ ಬರೆದುಕೊಡಲಿ. ಚೀಟಿಯಿಲ್ಲದವನ ಬಾಡಿಗೆ, ಕರೆಂಟು ಬಿಲ್ಲು, ಸಂಘದ ಉಳಿತಾಯಗಳನ್ನು ಆದಾಯದ ಸಾಕ್ಷಿಯೆಂದು ಪರಿಗಣಿಸಲಿ. ಮಂಜೂರಾದ ಲೇಔಟುಗಳ ಪಟ್ಟಿಯನ್ನು ನಗರಾಭಿವೃದ್ಧಿ ಪ್ರಾಧಿಕಾರವೂ ಪಂಚಾಯಿತಿಗಳೂ ಹಲಗೆಯ ಮೇಲೆ ಬರೆಸಿ ತೂಗುಹಾಕಲಿ. ಯಾವ ಬ್ಯಾಂಕಿನ ಲೆಕ್ಕಕ್ಕೂ ನಿಲುಕದ ಕೂಲಿಗೆ ಸಾಲದ ಉಪದೇಶ ಬೇಡ. ಸರ್ಕಾರ ನಿವೇಶನವನ್ನೇ ಕೊಡಲಿ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವಂತಿಲ್ಲ. ನಮ್ಮ ಪ್ರತಿ ಶಾಖೆಯಲ್ಲಿಯೂ ಓದುಬರಹ ಬಲ್ಲ ಇಬ್ಬರು ಭಾನುವಾರದ ದಿನ ಕುಳಿತು, ಮನೆ ಕೊಳ್ಳಹೊರಟವರ ಕಂತಿನ ಲೆಕ್ಕ ಹಾಕಿಕೊಡಬೇಕು, ಬ್ಯಾಂಕಿಗೆ ಜೊತೆಯಾಗಿ ಹೋಗಬೇಕು. ಒಬ್ಬನೇ ಹೋದವನಿಗೆ ನಾಳೆ ಬಾ ಎನ್ನುವ ಕೌಂಟರು, ಹತ್ತು ಜನ ಹೋದರೆ ಕುರ್ಚಿ ಹಾಕುತ್ತದೆ.

ಸಂಗಾತಿಗಳೇ, ದಲ್ಲಾಳಿಯ ಬಂಡವಾಳ ಅವನ ಹಣವಲ್ಲ, ನಮ್ಮ ಅಜ್ಞಾನ. ಮೊದಲು ಲೆಕ್ಕ, ಆಮೇಲೆ ಬ್ಯಾಂಕಿನ ಚೀಟಿ, ಆಮೇಲೆ ಜಾಗದ ಕಾಗದ, ಕೊನೆಗೆ ಮುಂಗಡ. ಈ ಕ್ರಮ ತಪ್ಪದಿರಲಿ.