ಬಹುಮತವಿದ್ದೂ ಪಾಲು ಕೊಟ್ಟ ಮೇಯರ್

ಬಹುಮತ ಸಿಗದಿದ್ದಾಗ ಮಿತ್ರಪಕ್ಷಗಳ ಬಾಗಿಲು ಬಡಿಯುವ ವಿದ್ಯೆ ಎಲ್ಲ ರಾಜಕಾರಣಿಗಳಿಗೂ ಬರುತ್ತದೆ. ಬಹುಮತ ಕೈಯಲ್ಲಿದ್ದೂ ಎದುರು ಪಾಳಯದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡವರು ಅಪರೂಪ. ಬ್ರೆಮೆನ್‌ನ ವಿಲ್ಹೆಲ್ಮ್ ಕೈಸನ್ ಅಂಥವರು. ಉತ್ತರ ಜರ್ಮನಿಯ ಈ ಬಂದರು ನಗರ ತಾನೇ ಒಂದು ರಾಜ್ಯ. ಅಲ್ಲಿನ ಮೇಯರ್ ಎಂದರೆ ಮುಖ್ಯಮಂತ್ರಿ. ಯುದ್ಧ ಮುಗಿದ 1945ರಿಂದ 1965ರವರೆಗೆ ಆ ಕುರ್ಚಿ ಅವರದಾಗಿತ್ತು.

1887ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಕೈಸನ್ ಗಾರೆ ಕೆಲಸ ಕಲಿತವರು. ಬ್ರೆಮೆನ್‌ಗೆ ಬಂದು ಪತ್ರಿಕೆಯ ಸಂಪಾದಕರಾದರು, ಆಮೇಲೆ ಕಲ್ಯಾಣ ಖಾತೆಯ ಸೆನೆಟರ್, ಅಂದರೆ ಅಲ್ಲಿನ ಮಂತ್ರಿ. 1933ರಲ್ಲಿ ನಾಝಿಗಳು ಅವರನ್ನು ಹೊರದಬ್ಬಿದರು. ಬಂಧನವನ್ನೂ ಕಂಡ ಮೇಲೆ, ಊರಂಚಿನ ಬೋರ್ಗ್‌ಫೆಲ್ಡ್‌ನಲ್ಲಿ ಹೆಂಡತಿ ಹೆಲೆನೆಯೊಂದಿಗೆ ತುಂಡು ಜಮೀನು ಹಿಡಿದು ದನ ಕಟ್ಟಿಕೊಂಡು ಬದುಕಿದರು. 1945ರಲ್ಲಿ ಅಮೆರಿಕನ್ ಅಧಿಕಾರಿಗಳು ಹುಡುಕಿಕೊಂಡು ಬಂದಾಗ ಅವರು ಹೊಲದಲ್ಲಿದ್ದರಂತೆ. ಮೇಯರ್ ಆದ ಮೇಲೂ ಆ ಮನೆ ಬಿಡಲಿಲ್ಲ.

ನಗರದ ಅರ್ಧಕ್ಕೂ ಹೆಚ್ಚು ಮನೆಗಳು ಬಾಂಬಿಗೆ ನೆಲಸಮವಾಗಿದ್ದವು. ತರಕಾರಿ ಬೆಳೆಯಲೆಂದು ಜನ ಗೇಣಿಗೆ ಹಿಡಿದಿದ್ದ ಪುಟ್ಟ ತೋಟಗಳಲ್ಲೇ ಸೂರು ಕಟ್ಟಿಕೊಳ್ಳಲು ಆಡಳಿತ ಒಪ್ಪಿತು. ಸಿಕ್ಕ ಇಟ್ಟಿಗೆ, ಸಿಕ್ಕ ಹಲಗೆಯಲ್ಲಿ ಎದ್ದ ಅವುಗಳಿಗೆ ಇಂದಿಗೂ ‘ಕೈಸನ್ ಮನೆ’ ಎಂದೇ ಹೆಸರು. ಮುಂದೆ ಅವನ್ನು ತೆರವು ಮಾಡುವ ಮಾತು ಬಂದಾಗಲೂ, ಒಳಗಿದ್ದವರು ಬದುಕಿರುವವರೆಗೆ ಅಲ್ಲೇ ಇರಲಿ ಎಂದು ತೀರ್ಮಾನವಾಯಿತು. ಕಡತಕ್ಕೂ ಒಮ್ಮೊಮ್ಮೆ ಕರುಳಿರುತ್ತದೆ.

ಕೈಸನ್ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದವರು. 1955ರಲ್ಲೂ 1959ರಲ್ಲೂ ಪಕ್ಷಕ್ಕೆ ಸ್ಪಷ್ಟ ಬಹುಮತವಿತ್ತು. ಆದರೂ ವರ್ತಕರ ಪರವಾದ ಉದಾರವಾದಿಗಳನ್ನು ಸರ್ಕಾರದಿಂದ ಕೈಬಿಡಲಿಲ್ಲ. ಹಡಗು ಬಂದರೆ ತಾನೆ ಕಾರ್ಮಿಕನಿಗೆ ಕೂಲಿ? ಹಡಗು ತರಿಸುವ ಹೊರದೇಶದ ನಂಟೆಲ್ಲ ವರ್ತಕರ ಬಳಿಯಿತ್ತು. ಹೀಗೆ ಪಾಲು ಕೊಟ್ಟದ್ದನ್ನು ಬರೀ ಔದಾರ್ಯವೆಂದು ಹೊಗಳುವವರ ಮಾತು ನನಗೆ ಒಪ್ಪಿತವಲ್ಲ. ಬಂದರಿನ ಲೆಕ್ಕಾಚಾರ ಅದರಲ್ಲಿ ಧಾರಾಳವಾಗಿತ್ತು. ಸ್ವಂತ ಪಕ್ಷದೊಳಗೆ ಮಾತ್ರ ಅವರು ರಾಜಿಗೆ ಬಗ್ಗಿದವರಲ್ಲ. ಪಶ್ಚಿಮ ಜರ್ಮನಿ ಯುರೋಪ್ ಕೌನ್ಸಿಲ್ ಸೇರುವುದನ್ನು ಪಕ್ಷದ ನಾಯಕ ಕುರ್ಟ್ ಶೂಮಾಕರ್ ವಿರೋಧಿಸಿದರೆ ಕೈಸನ್ ಬಹಿರಂಗವಾಗಿ ಬೆಂಬಲಿಸಿದರು. 1950ರಲ್ಲಿ ಪಕ್ಷದ ಕಾರ್ಯಕಾರಿಣಿಯ ಸ್ಥಾನ ಕೈತಪ್ಪಿತು.

ಕಪ್ಪುಚುಕ್ಕೆಯೂ ಇದೆ. 1961ರಲ್ಲಿ ಊರಿನ ಹೆಮ್ಮೆಯ ಬೋರ್ಗ್‌ವಾರ್ಡ್ ಕಾರು ಕಂಪನಿ ಸಾಲದಲ್ಲಿ ಸಿಕ್ಕಾಗ ರಾಜ್ಯ ಸರ್ಕಾರವೇ ಅದನ್ನು ವಶಕ್ಕೆ ತೆಗೆದುಕೊಂಡಿತು. ವರ್ಷ ಮುಗಿಯುವುದರೊಳಗೆ ಕಂಪನಿ ದಿವಾಳಿ. ಆಮೇಲೆ ನೋಡಿದರೆ ಸಾಲ ಕೊಟ್ಟವರಿಗೆ ಕೊಡಬೇಕಾದದ್ದು ಬಹುಪಾಲು ತೀರಿತ್ತು. ಹಾಗಾದರೆ ಬಾಗಿಲು ಹಾಕುವ ಅಗತ್ಯವಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಎಲ್ಲರೂ ಸೇರಿ ಆಳಿದಾಗ ತಪ್ಪು ಯಾರದೆಂದು ಹಿಡಿಯುವುದೂ ಕಷ್ಟ. ಎರಡು ವರ್ಷಕ್ಕೆ ಚುನಾವಣೆ ಬಂತು. ಎಪ್ಪತ್ತಾರರ ಮುದುಕನ ಪಕ್ಷಕ್ಕೆ ಬ್ರೆಮೆನ್ ಮತ್ತೆ ಬಹುಮತವನ್ನೇ ಕೊಟ್ಟಿತು.