ರಕ್ತದಲ್ಲಿ ಮದ್ದಿದೆ, ಹೊಟ್ಟೆಗೆ ತಲುಪಿದೆಯಾ?

ಗಾಂಧಿ ಬಜಾರಿನ ಅಡ್ಡರಸ್ತೆಗಳಲ್ಲಿ ಬಾಡಿಗೆಗಿದ್ದವರಿಗೆ ಗೊತ್ತು: ಮೇನ್ ಪೈಪಿನಲ್ಲಿ ಕಾವೇರಿ ಭೋರ್ಗರೆದರೂ ಕೊನೆ ಮನೆಯ ನಲ್ಲಿ ತೊಟ್ಟಿಕ್ಕಬಹುದು. ಫಂಗಸ್ ಔಷಧಿಯ ಕತೆಯೂ ಹಾಗೇ.

ಕರುಳು ತೂತಾಗಿಯೋ, ಆಪರೇಷನ್ ಆದಮೇಲೆ ಹೊಲಿಗೆ ಬಿಟ್ಟೋ ಕ್ಯಾಂಡಿಡಾ ಫಂಗಸ್ ಹೊಟ್ಟೆಯೊಳಗೆ ಹರಡಿದರೆ ಐಸಿಯುಗಳಲ್ಲಿ ಸಾಮಾನ್ಯವಾಗಿ ಮೊದಲು ಕೊಡುವುದು ಕ್ಯಾಸ್ಪೊಫಂಜಿನ್, ಮೈಕಫಂಜಿನ್ ಗುಂಪಿನ ಇಂಜೆಕ್ಷನ್. ಇವು ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹೊಟ್ಟೆಯ ದ್ರವಕ್ಕೆ, ಕೀವಿನ ಗಂಟಿಗೆ ಇಳಿಯುವುದು ಕಡಿಮೆ. ಅರೆಬರೆ ಮದ್ದು ತಲುಪಿದ ಕಡೆ ಸಾಯುವಂಥವು ಸಾಯುತ್ತವೆ, ಎಫ್‌ಕೆಎಸ್ ಜೀನ್ ಬದಲಾದವು ಉಳಿದು ಬೆಳೆಯುತ್ತವೆ. ರಕ್ತದ ಕಲ್ಚರ್‌ನಲ್ಲಿ ಇದು ಕಾಣದೇ ಹೋಗಬಹುದು. ಸೆನ್ಸರ್ ಇಟ್ಟ ಜಾಗದ ರೀಡಿಂಗ್ ಮಾತ್ರ ಸಿಗುತ್ತೆ ಅಂತ ಇಂಜಿನಿಯರಿಂಗ್‌ನಲ್ಲಿ ನಾನು ಕಲಿತಿದ್ದು ಇಲ್ಲಿಗೂ ಹೊಂದುತ್ತೆ.

ಹಾಗಾಗಿ ಡೋಸ್ ಏರಿಸಿದರಷ್ಟೇ ಸಾಲದು. ಕೀವು ತೆಗೆಯಬೇಕು, ಅದನ್ನೇ ಲ್ಯಾಬಿಗೆ ಕಳಿಸಬೇಕು, ಯಾವ ಕ್ಯಾಂಡಿಡಾ ಯಾವ ಮದ್ದಿಗೆ ಬಗ್ಗುತ್ತೆ ಅಂತ ನೋಡಬೇಕು.

2021ರ ಮೇನಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಕರ್ನಾಟಕವಿಡೀ ಆಂಫೊಟೆರಿಸಿನ್ ವಯಲ್ ಎಷ್ಟು ಬಂತು ಅಂತ ಎಣಿಸಿತು. ಎಣಿಸಲೇಬೇಕಿತ್ತು ಬಿಡಿ. ಲ್ಯಾಬುಗಳನ್ನು ಎಣಿಸಿದವರು ಕಡಿಮೆ.

ಈಗ ತಲೆನೋವು ಕ್ಯಾಂಡಿಡಾ ಆರಿಸ್. ವಿಶ್ವ ಆರೋಗ್ಯ ಸಂಸ್ಥೆ 2022ರ ಪಟ್ಟಿಯಲ್ಲಿ ಇದನ್ನು ಅತಿ ಗಂಭೀರ ಸಾಲಿನಲ್ಲಿಟ್ಟಿದೆ. ಬಹುಪಾಲು ಆರಿಸ್‌ಗೆ ಫ್ಲುಕೊನಜೋಲ್ ನಾಟುವುದಿಲ್ಲ. ಆಗ ಮೊದಲು ಕೈಚಾಚುವುದು ಇದೇ ಫಂಜಿನ್ ಗುಂಪಿಗೆ. ಅದನ್ನೂ ಮೊಂಡು ಮಾಡಿಕೊಂಡರೆ?

ಆರೋಗ್ಯ ಸಚಿವರನ್ನು ಟ್ಯಾಗ್ ಮಾಡುವಾಗ ಹಾಸಿಗೆ ಲೆಕ್ಕದ ಜೊತೆ ಇದನ್ನೂ ಕೇಳಿ: ಎಷ್ಟು ಜಿಲ್ಲಾಸ್ಪತ್ರೆಗಳಲ್ಲಿ ಫಂಗಸ್‌ಗೆ ಮದ್ದು ನಾಟುತ್ತಾ ಅಂತ ಪರೀಕ್ಷೆ ಆಗುತ್ತೆ? ರಿಪೋರ್ಟ್ ಎಷ್ಟನೇ ದಿನಕ್ಕೆ ಬರುತ್ತೆ?