ಮಾಸಿನ ತೂಕಾನೂ ಬರೀರಿ

ನಮ್ಮ ಕಡೆ ಕೂಸು ಹುಟ್ಟಿದ ಸುದ್ದಿ ಬಂತಂದ್ರ ಕೇಳೂದು ಎರಡು ಮಾತು. ಗಂಡೋ ಹೆಣ್ಣೋ? ತೂಕ ಎಷ್ಟು? ತೂಕ ಎರಡೂವರೆ ಕಿಲೋಕ್ಕಿಂತ ಕಡಿಮಿ ಅಂದ್ರ ಮೂರನೇ ಮಾತು ಪ್ರಶ್ನೆ ಅಲ್ಲ, ತೀರ್ಪು: "ಬಸುರಿದ್ದಾಗ ಆಕಿ ನೆಟ್ಟಗ ಉಣ್ಣಲೇ ಇಲ್ಲ ನೋಡ್ರಿ." ಹಡೆದು ಸುಸ್ತಾಗಿ ಮಲಗಿದಾಕಿ ಇದನ್ನೂ ಕೇಳಿಸ್ಕೋಬೇಕು.

ನನ್ನ ತಕರಾರು ಇಷ್ಟ. ಹೊಟ್ಟ್ಯಾಗ ಆ ಕೂಸಿಗೆ ಅನ್ನ, ಉಸಿರು ಎಲ್ಲಾ ದಾಟಿಸಿದ್ದು ಮಾಸು. ಅದರ ಬಗ್ಗೆ ಯಾರೂ ಒಂದು ಮಾತೂ ಕೇಳೂದಿಲ್ಲ. ದಿನ ತುಂಬಿದಾಗ ಅದು ಸುಮಾರು ಅರ್ಧ ಕಿಲೋ, ಕೂಸಿನ ತೂಕದಾಗ ಆರನೇ ಒಂದು ಪಾಲು ಇರ್ತದ. ಅದು ಬೆಳೆಯೂದು ಬಹುತೇಕ ಕೂಸಿನ ಜೀವಕೋಶದಿಂದನ. ಅಂದ್ರ ಅದರಾಗ ಅಪ್ಪನ ಪಾಲೂ ಅದ. ಬೈಗುಳದ ಪಾಲು ಮಾತ್ರ ಅವ್ವ ಒಬ್ಬಾಕಿಗೇ!

ಸಣ್ಣ ಕೂಸುಗಳೆಲ್ಲಾ ಒಂದೇ ತರಹ ಅಲ್ಲ. ಕೆಲವು ದಿನ ತುಂಬೂದ್ರೊಳಗ ಹುಟ್ಟಿರ್ತಾವ. ಕೆಲವುಕ್ಕ ಅಪ್ಪ-ಅವ್ವನೇ ಸಣ್ಣ ಆಳು. ತಾಯಿಗೆ ಬಿಪಿ ಏರಿ ಮಾಸಿಗೆ ರಕ್ತ ಸಾಲದಿದ್ರ ಮಾಸೂ ಸಣ್ಣದು, ಕೂಸೂ ಸಣ್ಣದು ಆಗೂದುಂಟು. ಇನ್ನ ಕೆಲವು ಕಡೆ ಕೂಸು ಸಣ್ಣದು, ಮಾಸು ಮಾತ್ರ ಅದರ ಅಳತಿಗೆ ದೊಡ್ಡದು. ತಾಯಿ ಮೈಯಾಗ ರಕ್ತ ಕಡಿಮಿ ಇದ್ದಾಗ ಹಿಂಗ ಕಾಣ್ತದ, ಕೊರತಿ ತುಂಬಿಸ್ಲಿಕ್ಕೆ ಮಾಸು ಹಿಗ್ಗಿಧಂಗ.

ಇಂಗ್ಲೆಂಡಿನ ಪ್ರೆಸ್ಟನ್ ಊರಾಗ 1935ರಿಂದ 1943ರ ತನಕ ಹುಟ್ಟಿದ ಕೂಸುಗಳ ಜೋಡಿ ಮಾಸನ್ನೂ ತೂಗಿ ಬರೆದಿಟ್ಟಿದ್ರು. ಅವರು ನಡುವಯಸ್ಸಿಗೆ ಬಂದಾಗ ಡೇವಿಡ್ ಬಾರ್ಕರ್ ಮತ್ತ ಸಂಗಡಿಗರು ಹುಡುಕಿ ಬಿಪಿ ನೋಡಿದ್ರು. ಸಣ್ಣ ಕೂಸು, ದೊಡ್ಡ ಮಾಸು ಇದ್ದವರಿಗೇ ಬಿಪಿ ಎಲ್ಲಾರಕಿಂತ ಹೆಚ್ಚು ಅಂತ 1990ರಾಗ ಪ್ರಕಟ ಆತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರಿಯ ಹಳೇ ಹೆರಿಗಿ ದಾಖಲೆ ಹಿಡಿದು ನೋಡಿದಾಗಲೂ, ಸಣ್ಣಾಗಿ ಹುಟ್ಟಿದವರೊಳಗ ಮುಂದ ಹೃದಯದ ಬ್ಯಾನಿ ಹೆಚ್ಚು ಕಂಡ್ತು. ಇದು ನೂರಾರು ಮಂದಿ ಲೆಕ್ಕ, ಒಂದು ಕೂಸಿನ ಹಣೆಬರಹ ಅಲ್ಲ. ಆದರ ಬರೆದಿಟ್ಟಿದ್ದಕ್ಕ ತಾನ ಇಷ್ಟು ಗೊತ್ತಾಗಿದ್ದು?

ಹೆರಿಗಿ ಕೋಣ್ಯಾಗ ತಕ್ಕಡಿ ಇದ್ದೇ ಇರ್ತದ. ಮಾಸು ಪೂರ್ತಿ ಬಿತ್ತೋ ಇಲ್ಲೋ ಅಂತ ನರ್ಸಮ್ಮನೂ ತಿರುವಿ ನೋಡೇ ನೋಡ್ತಾರ. ಅದರ ಜೋಡಿ ತೂಗಿ, ತಾಯಿ ಕಾರ್ಡಿನ ಮ್ಯಾಲೆ ಒಂದು ಸಾಲು ಬರೆದ್ರ ಮುಂದಿನ ಬಸುರಿನ್ಯಾಗ ಡಾಕ್ಟರಿಗೆ ಒಂದು ಸುಳಿವು ಸಿಗ್ತದ.

ಮನಿ ಹಿರ್ಯಾರಿಗೂ ಒಂದು ಮಾತು. "ಭಾಳ ಉಂಡ್ರ ಕೂಸು ದೊಡ್ಡದಾಗಿ ಹೆರಿಗಿ ಕಷ್ಟ" ಅಂತ ಕಡೀ ತಿಂಗಳದಾಗ ತಾಟು ಸಣ್ಣ ಮಾಡೂದೂ ನೀವ, ಕೂಸು ಸಣ್ಣಾತು ಅನ್ನೂದೂ ನೀವ. ಅದರ ಬದಲಿ ಬಸುರಿಗೆ ಹೊಟ್ಟಿ ತುಂಬ ಬಡಸ್ರಿ, ಕಬ್ಬಿಣದ ಗುಳಿಗಿ ತಪ್ಪಿಸಬ್ಯಾಡ್ರಿ, ಬಿಪಿ ನೋಡಿಸ್ರಿ. ಸಣ್ಣ ಕೂಸು ಹುಟ್ಟಿತೋ, ಅವ್ವನ ಎದಿಗೆ ಬರಿಮೈಲೆ ಅಪ್ಪಿಸಿ ಇಡ್ರಿ, ಎದಿಹಾಲು ಕುಡಸ್ರಿ. ಆಕಿಗೆ ಬೇಕಾದದ್ದು ಬೆಚ್ಚಗಿನ ಹಾಸಿಗಿ, ಬಿಸಿ ಊಟ. ತೀರ್ಪಲ್ಲ.